ದಾರದಕ್ಕನ ಮನೆಯ ಮೀಸೆ

ದಾರದಕ್ಕನ ಎದುರು ಕೂತು ಮಾತಾಡುವವರಿಗೆ ಒಂದು ಪೀಕಲಾಟವಿತ್ತು. ಅವಳು ಯಾರ ಕಣ್ಣನ್ನೂ ನೋಡುತ್ತಿರಲಿಲ್ಲ. ನೋಡಿದರೆ ಕಣ್ಣಿಗಿಂತ ಅರ್ಧ ಇಂಚು ಮೇಲೆ, ಇಲ್ಲವೇ ಮೂಗಿನ ಕೆಳಗೆ. ಬ್ಯಾಂಕಿನಲ್ಲೂ ಅಷ್ಟೇ, ಬಸ್ಸಿನಲ್ಲೂ ಅಷ್ಟೇ, ಸತ್ತವರ ಮನೆಗೆ ಹೋದಾಗಲೂ ಅಷ್ಟೇ. ಇಪ್ಪತ್ತಾರು ವರ್ಷದಿಂದ ಬ್ಯೂಟಿ ಪಾರ್ಲರ್ ನಡೆಸುತ್ತ, ದಾರದ ಒಂದು ತುದಿ ಹಲ್ಲಿನಲ್ಲಿ ಕಚ್ಚಿಕೊಂಡು ಊರ ಹೆಂಗಸರ ಹುಬ್ಬು ತಿದ್ದಿದವಳಿಗೆ ಮುಖ ಅಂದರೆ ಬಾಕಿ ಉಳಿದ ಕೆಲಸ.

ಇಂಥವಳ ಒಬ್ಬಳೇ ಮಗಳಿಗೆ ಮೀಸೆಯಿತ್ತು.

ಮೀಸೆ ಅಂದರೆ ತಿರುವುವಂಥದ್ದೇನಲ್ಲ. ಮೇಲ್ತುಟಿಯ ಮೇಲೆ ನವಿರಾದ ಕಪ್ಪು ಕೂದಲು, ಬಿಸಿಲಲ್ಲಿ ನಿಂತರೆ ಕಾಣುವಷ್ಟು. ಮಗಳು ಮಕ್ಕಳಿಗೆ ಈಜು ಕಲಿಸುವವಳಾದ್ದರಿಂದ ದಿನವಿಡೀ ನಿಲ್ಲುವುದೇ ಬಿಸಿಲಲ್ಲಿ. ಹದಿಮೂರನೇ ವಯಸ್ಸಿನಿಂದ ಅಮ್ಮನ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ ಕೂರುತ್ತಿದ್ದವಳು ಇಪ್ಪತ್ತಮೂರಕ್ಕೆ ಒಂದು ದಿನ "ಸಾಕಮ್ಮ, ಉರಿಯುತ್ತೆ" ಅಂದು ಎದ್ದು ಹೋದಳು. ಆಮೇಲೆ ಕೈಕಾಲಿನ ಕೂದಲಿಗೂ ಬಿಡುಗಡೆ ಸಿಕ್ಕಿತು. ದಾರದಕ್ಕ ಮೂರು ದಿನ ಮಾತು ಬಿಟ್ಟಳು. ನಾಲ್ಕನೇ ದಿನ ಮಾತಾಡಿದಳು, ಆದರೆ ಮೂಗಿನ ಕೆಳಗೇ ನೋಡುತ್ತ.

ಈಗ ಮಗಳ ಮದುವೆಯ ಮಾತು. ಹುಡುಗನನ್ನು ಅವಳೇ ಹುಡುಕಿಕೊಂಡಿದ್ದಳು, ಹಲ್ಲಿನ ಡಾಕ್ಟರು. ಭಾನುವಾರ ಅವನ ಮನೆಯವರು ಮಾತಾಡಲು ಬರುವವರಿದ್ದರು. ದಾರದಕ್ಕನಿಗೆ ನಿದ್ದೆ ಹಾರಿಹೋಯಿತು. ಬಂದವರು ಮಗಳ ತುಟಿ ನೋಡುತ್ತಾರೆ, ಆಮೇಲೆ ತನ್ನ ಬೋರ್ಡು ನೋಡುತ್ತಾರೆ. ಪಾರ್ಲರಿನವಳ ಮಗಳಿಗೇ ಮೀಸೆ ಅಂತ ಊರೆಲ್ಲ ಆಡಿಕೊಳ್ಳುತ್ತದೆ. ಒಂದೆಳೆ ಕೂದಲಿಗೆ ಸಂಬಂಧ ತಪ್ಪಿಹೋದರೆ ಆ ಪಾಪ ತನ್ನ ತಲೆಗೇ ಸುತ್ತಿಕೊಳ್ಳುತ್ತದೆ.

"ಎರಡು ನಿಮಿಷದ ಕೆಲಸ ಕಣೇ, ಭಾನುವಾರ ಒಂದಿನಕ್ಕೆ."

"ಮೂರು ವಾರಕ್ಕೆ ಮತ್ತೆ ಬರುತ್ತಲ್ಲಮ್ಮ. ಆಗ ಅವರು ಮೋಸ ಹೋದ್ವಿ ಅನ್ನಲ್ವಾ?"

"ಹುಡುಗ ಏನಾದ್ರೂ ಅಂದ್ಕೊಂಡ್ರೆ?"

"ಅವನು ಹಲ್ಲಿನ ಡಾಕ್ಟರು. ಬಾಯಿ ಸುತ್ತಮುತ್ತ ಚೆನ್ನಾಗೇ ನೋಡಿರ್ತಾನೆ ಬಿಡು."

ಇಂಥ ಮಗಳಿಗೆ ಏನು ಹೇಳುವುದು? ದಾರದಕ್ಕ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ಇಟ್ಟಳು.

ಶುಕ್ರವಾರ ಮಧ್ಯಾಹ್ನ ಪಾರ್ಲರಿನ ಪರದೆ ಸರಿಸಿ ಒಬ್ಬ ಹೆಂಗಸು ಒಳಗೆ ಬಂದರು. ಐವತ್ತೈದರ ಆಸುಪಾಸು, ತೆಳ್ಳನೆಯ ಮೈ. "ನಾನು ಹುಡುಗನ ತಾಯಿ" ಅಂದರು ಮೆಲ್ಲಗೆ. ಲೈಬ್ರರಿಯಲ್ಲಿ ಕೆಲಸ ಅಂತೆ, ಎಲ್ಲಿ ಹೋದರೂ ಅದೇ ದನಿ. "ಭಾನುವಾರ ಎಲ್ಲರ ಮಧ್ಯೆ ಮಾತಾಡೋಕೆ ಆಗಲ್ಲ. ಮೊದಲೇ ನೋಡ್ಕೊಂಡು ಹೋಗೋಣ ಅಂತ ಬಂದೆ. ಬಂದಿದ್ದಕ್ಕೆ ಹುಬ್ಬೂ ತಿದ್ದಿಬಿಡಿ. ನಾನು ಯಾವತ್ತೂ ಮಾಡಿಸಿಲ್ಲ."

ದಾರದಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೀಗಿತ್ತಿ ತಾನಾಗಿಯೇ ಕುರ್ಚಿಗೆ ಬಂದು ಕೂತಿದ್ದಾರೆ! ರೆಕ್ಸಿನ್ ಹರಿಯದ ಕುರ್ಚಿಯಲ್ಲೇ ಕೂರಿಸಿ, ಪೌಡರು ಹಚ್ಚಿ, ಕಣ್ಣು ಮುಚ್ಚಲು ಹೇಳಿ, ಹೊಸ ಉಂಡೆಯಿಂದ ದಾರ ಎಳೆದಳು. ಹುಬ್ಬು ಬಿಲ್ಲಿನ ಹಾಗೆ ಬಂತು. ಅಲ್ಲಿಗೆ ನಿಂತಿದ್ದರೆ ಎಲ್ಲ ಸರಿಯಿತ್ತು. ಆದರೆ ಇಪ್ಪತ್ತಾರು ವರ್ಷದ ಕೈ, ಹುಬ್ಬು ಮುಗಿದರೆ ತುಟಿಗೆ ತಾನೇ ಇಳಿಯುತ್ತದೆ. ಅಲ್ಲಿ ಸಾಕಷ್ಟು ಬೆಳೆಯೂ ಇತ್ತು. ಪಾಪ, ಹೇಳಲು ನಾಚಿಕೆ ಪಟ್ಟಿರಬೇಕು, ಇರಲಿ ನಮ್ಮ ಕಡೆಯಿಂದ ಅಂದುಕೊಂಡಳು. ಬಾಯಲ್ಲಿ ದಾರವಿತ್ತು, ಕೇಳುವ ಹಾಗಿರಲಿಲ್ಲ. ಬೀಗಿತ್ತಿ ಒಂದು ಕೈ ಮೇಲೆತ್ತಿದರು. ನೋವಿಗೆ ಎಲ್ಲರೂ ಕೈ ಎತ್ತುವವರೇ. ದಾರದಕ್ಕ ಆ ಕೈಯನ್ನು ಪ್ರೀತಿಯಿಂದ ತಟ್ಟಿ ಕೆಳಗಿಟ್ಟು ಕೆಲಸ ಮುಗಿಸಿದಳು.

ಬೀಗಿತ್ತಿ ಕಣ್ಣು ಬಿಟ್ಟು ಕನ್ನಡಿ ನೋಡಿದರು. ನೋಡುತ್ತಲೇ ಇದ್ದರು. ಆಮೇಲೆ ಮೇಲ್ತುಟಿಯ ಮೇಲೆ ಅಂಗೈ ಮುಚ್ಚಿಕೊಂಡರು.

"ಉರಿ ಐದು ನಿಮಿಷದಲ್ಲಿ ಹೋಗುತ್ತೆ" ಅಂದಳು ದಾರದಕ್ಕ ಹೆಮ್ಮೆಯಿಂದ.

"ಉರಿ ಅಲ್ಲ. ನಮ್ಮಮ್ಮನಿಗೂ ಹೀಗೇ ಇತ್ತು. ಅವಳು ತೀರಿಕೊಂಡ ವರ್ಷವೇ ನನಗೂ ಶುರುವಾಯ್ತು. ಬೆಳಿಗ್ಗೆ ಹಲ್ಲುಜ್ಜೋವಾಗ ಕನ್ನಡಿಯಲ್ಲಿ ಅವಳೇ ನಿಂತ ಹಾಗೆ ಕಾಣೋದು. ಅದಕ್ಕೇ ಬಿಟ್ಟುಕೊಂಡಿದ್ದೆ."

ದಾರದಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಕೇಳಬೇಕಿತ್ತು ನಾನು. ತಪ್ಪಾಯ್ತು" ಅಂದಳು.

"ನಾನೂ ಕೈ ಎತ್ತಿದೆ. ಅಷ್ಟರಲ್ಲಿ ಅರ್ಧ ಹೋಗಿತ್ತು. ಅರ್ಧ ಇಟ್ಟುಕೊಂಡು ಏನು ಮಾಡಲಿ ಅಂತ ಸುಮ್ಮನಾದೆ." ಬೀಗಿತ್ತಿ ಕಣ್ಣೊರೆಸಿಕೊಂಡು ನಕ್ಕರು. "ಹೋಗಲಿ ಬಿಡಿ, ಬರ್ತಾಳೆ. ನಮ್ಮಮ್ಮ ಯಾವತ್ತೂ ಹೇಳಿ ಬಂದವಳೇ ಅಲ್ಲ."

ಅವರು ಹೋದ ಮೇಲೆ ದಾರದಕ್ಕ ಅಂಗಡಿ ಮುಚ್ಚಿ ಮನೆಗೆ ನಡೆದಳು. ನಡೆದದ್ದನ್ನು ಕೇಳಿ ಮಗಳು ಸೋಫಾದ ಮೇಲೆ ಬಿದ್ದು ಬಿದ್ದು ನಕ್ಕಳು. "ಅಯ್ಯೋ, ಬೀಗಿತ್ತಿ ಮೀಸೇನೇ ಬೋಳಿಸಿಬಿಟ್ಟೆಯಲ್ಲಮ್ಮ! ಇನ್ನು ಮದುವೆ ಆದ ಹಾಗೇನೇ." ಅಮ್ಮ ನಗದೆ ಇದ್ದದ್ದು ಕಂಡು ಎದ್ದು ಕೂತಳು.

"ಇಲ್ಲಿ ಬಾ, ಕಿಟಕಿ ಹತ್ತಿರ" ಅಂದಳು ದಾರದಕ್ಕ. "ಮುಟ್ಟಲ್ಲ. ನೋಡ್ತೀನಿ ಅಷ್ಟೇ."

ಕನ್ನಡಕ ಹಾಕಿಕೊಂಡು ಮಗಳ ಗಲ್ಲ ಹಿಡಿದು ನೋಡಿದಳು. ಎರಡೂ ಬದಿಗೆ ದಟ್ಟ, ನಡುವೆ ತೆಳು, ಎಡತುದಿಯಲ್ಲಿ ಒಂದು ಸಣ್ಣ ಸುಳಿ. ಈ ಸುಳಿಯನ್ನು ಅವಳು ಬಲ್ಲಳು. ಹದಿನೇಳನೇ ವಯಸ್ಸಿನಿಂದ ಹದಿನೈದು ದಿನಕ್ಕೊಮ್ಮೆ, ಜ್ವರ ಬಂದರೂ ತಪ್ಪಿಸದೆ, ಬಾಗಿಲು ಹಾಕಿಕೊಂಡು ತನ್ನದೇ ತುಟಿಯ ಮೇಲಿಂದ ಕಿತ್ತು ಹಾಕುತ್ತ ಬಂದ ಸುಳಿ ಅದು. ಪೂರ್ತಿ ಬೆಳೆದರೆ ಹೇಗೆ ಕಾಣುತ್ತದೆ ಅಂತ ಅವಳಿಗೇ ಗೊತ್ತಿರಲಿಲ್ಲ. ಚೆನ್ನಾಗೇನೂ ಕಾಣುತ್ತಿರಲಿಲ್ಲ, ಸುಳ್ಳೇಕೆ ಹೇಳಬೇಕು. ಆದರೂ ಅವಳ ಎದೆ ತುಂಬಿ ಬಂತು.

"ಏನಮ್ಮಾ?"

"ಏನಿಲ್ಲ, ಹೋಗು."

ಭಾನುವಾರ ಅವರು ಬಂದರು. ಹುಡುಗ, ಅವನ ತಾಯಿ, ಚಿಕ್ಕಮ್ಮ. ಬೀಗಿತ್ತಿಯ ಮುಖ ನುಣ್ಣಗಿತ್ತು. ದಾರದಕ್ಕ ಅತ್ತ ತಲೆ ಎತ್ತದೆ ಟೀ ಬಗ್ಗಿಸಿದಳು. ಚಿಕ್ಕಮ್ಮ ಮಾತ್ರ ಬಂದಾಗಿನಿಂದ ಮಗಳನ್ನೇ ಅಳೆಯುತ್ತಿದ್ದರು. ಮಗಳು ಬಿಸ್ಕತ್ತಿನ ತಟ್ಟೆ ಮುಂದೆ ಹಿಡಿದಾಗ, ಕೈ ನೋಡಿ, ತುಟಿ ನೋಡಿ, ನಗುನಗುತ್ತಲೇ ಕೇಳಿದರು.

"ಅಲ್ಲಾ, ಅಮ್ಮನೇ ಪಾರ್ಲರ್ ಇಟ್ಟುಕೊಂಡು ಹುಡುಗಿಗೆ ಇದು ಯಾರ ಮೀಸೆ?"

ಹುಡುಗ ಏನೋ ಹೇಳಲು ಬಾಯಿ ತೆರೆದ. ಬೀಗಿತ್ತಿ ಲೋಟ ಕೆಳಗಿಟ್ಟರು. ಈ ಪ್ರಶ್ನೆಗೆ ದಾರದಕ್ಕ ವಾರದಿಂದ ಹತ್ತು ನೆವ ಹೊಂದಿಸಿಟ್ಟಿದ್ದಳು. ಈಜುಕೊಳದ ನೀರು, ಅಲರ್ಜಿ, ಡಾಕ್ಟರು ಬೇಡ ಅಂದಿದ್ದಾರೆ, ಹೀಗೆ. ಒಂದೂ ನಾಲಗೆಗೆ ಬರಲಿಲ್ಲ. ಜೀವನದಲ್ಲಿ ಮೊದಲ ಸಲ ಅವಳು ಎದುರಿನವರ ಕಣ್ಣನ್ನೇ ನೇರ ನೋಡಿದಳು.

"ನಂದು" ಅಂದಳು. "ನಾನು ತೆಗೀತೀನಿ, ಅವಳು ಇಟ್ಟುಕೊಂಡಿದ್ದಾಳೆ."

ಮಗಳು ಬಿಸ್ಕತ್ತಿನ ತಟ್ಟೆಯನ್ನು ಚಿಕ್ಕಮ್ಮನ ಮುಂದಿನಿಂದ ತೆಗೆದು ಅಮ್ಮನ ಮುಂದೆ ಹಿಡಿದಳು.