ಒತ್ತೆಯಲ್ಲಿದ್ದ ಮದುಮಗ

ಬೆಳ್ತಂಗಡಿ ಬಸ್ ಸ್ಟ್ಯಾಂಡಿನ ಎದುರು, ಮಹಡಿಯ ಮೇಲೆ ನನ್ನ ಅಂಗಡಿ. ಹೆಸರು ಶರೀಫ್ ಗ್ರಾಫಿಕ್ಸ್. ಮದುವೆ ಕಾಗದ ಮಾಡುವುದರಲ್ಲಿ ಮೂಡುಬಿದಿರೆಯಿಂದ ಚಾರ್ಮಾಡಿಯವರೆಗೆ ನನ್ನನ್ನು ಮೀರಿಸಿದವರಿಲ್ಲ. ಇದನ್ನು ನಾನೇ ಹೇಳಬೇಕಾಗಿ ಬಂದದ್ದು ಊರಿನವರ ತಪ್ಪು.

ಸತ್ತವರ ಮದುವೆ ನನ್ನ ಕೊರಳಿಗೆ ಬಿದ್ದದ್ದೂ ಈ ಕಾಗದದ ದೆಸೆಯಿಂದಲೇ. ಇಲ್ಲಿಯ ತುಳು ಮನೆಗಳಲ್ಲಿ, ಎಳವೆಯಲ್ಲೇ ತೀರಿಕೊಂಡ ಮಕ್ಕಳಿಗೆ, ಬದುಕಿದ್ದರೆ ಮದುವೆಯ ಪ್ರಾಯವಾಗುತ್ತಿದ್ದ ಹೊತ್ತಿಗೆ, ಮಳೆಗಾಲದ ಆಟಿ ತಿಂಗಳಲ್ಲಿ ಮದುವೆ ಮಾಡುತ್ತಾರೆ. ಅದಕ್ಕೆ ಕುಲೆ ಮದುವೆ ಎನ್ನುತ್ತಾರೆ. ಹೆಣ್ಣೂ ಸತ್ತಿರಬೇಕು, ಗಂಡೂ ಸತ್ತಿರಬೇಕು, ಪ್ರಾಯ ಹೊಂದಬೇಕು, ಇಬ್ಬರ ಬರಿ, ಅಂದರೆ ತಾಯಿಯ ಕಡೆಯ ಕುಲ, ಬೇರೆ ಬೇರೆ ಆಗಿರಬೇಕು. ಸತ್ತ ಮಗುವಿಗೆ ಸಂಬಂಧ ಉಂಟಾ ಎಂದು ಊರೆಲ್ಲ ಕೇಳಿಕೊಂಡು ತಿರುಗಲು ಯಾರಿಗೆ ಮನಸ್ಸು ಬರುತ್ತದೆ? ಕಾಗದ ಮಾಡಿಸಲು ಬಂದವರೊಬ್ಬರು ತಮ್ಮ ಸತ್ತ ಮಗುವಿನ ವಿಷಯ ನನ್ನ ಕಿವಿಯಲ್ಲಿ ಹೇಳಿದರು, ನಾನು ಬರೆದಿಟ್ಟುಕೊಂಡೆ, ಒಂದು ಜೋಡಿ ಕೂಡಿತು. ಆಮೇಲೆ ಎಲ್ಲರೂ ಬಂದರು. ಬ್ಯಾರಿ ಮುಸಲ್ಮಾನನಾದ ನನಗೆ ಯಾವ ಬರಿಯೂ ಇಲ್ಲ, ಗುಟ್ಟು ನನ್ನಲ್ಲೇ ನಿಲ್ಲುತ್ತದೆ ಎಂಬ ಲೆಕ್ಕಾಚಾರ ಅವರದು. 2006ರ ಹೊತ್ತಿಗೆ ನನ್ನ ಪಟ್ಟಿಯಲ್ಲಿ ನೂರ ನಲವತ್ತು ಹೆಸರುಗಳಿದ್ದವು.

ಮೊದಲು ಪಟ್ಟಿ ಇದ್ದದ್ದು ನೋಟ್‌ಬುಕ್ಕಿನಲ್ಲಿ. ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿದ ಮೇಲೆ ಅದನ್ನು ಗುಜರಿಗೆ ಕೊಡಲು ಹೊರಟಾಗ ನನ್ನ ಹೆಂಡತಿ ಸೈನಬ ಅಡ್ಡ ನಿಂತಳು.

“ಅದರಲ್ಲಿ ಅಷ್ಟು ಮಕ್ಕಳ ಹೆಸರು ಉಂಟು. ನಾಳೆ ಯಾರೋ ಅದರಲ್ಲಿ ಕಡಲೆ ಕಟ್ಟಿ ಕೊಡ್ತಾರೆ. ನಿಮಗೆ ಆಗ್ತದಾ?”

ನನಗೆ ಆಗಲಿಲ್ಲ. ಬಂಟ್ವಾಳಕ್ಕೆ ಹೋದಾಗ ನೋಟ್‌ಬುಕ್ಕನ್ನು ಮರ್ಯಾದೆಯಿಂದ ನೇತ್ರಾವತಿಯಲ್ಲಿ ಬಿಟ್ಟು ಬಂದೆ. ಹಾಗೆಂದು ನಾನು ಬೇಜವಾಬ್ದಾರಿ ಮನುಷ್ಯನಲ್ಲ. ಪಟ್ಟಿಯ ಇನ್ನೊಂದು ಪ್ರತಿ ಪೆನ್ ಡ್ರೈವಿನಲ್ಲಿತ್ತು. ಎಲ್ಲಿಯಾದರೂ ಕಳೆದುಹೋದೀತೆಂದು ಆ ಪೆನ್ ಡ್ರೈವನ್ನು ಒಂದು ದಿನವೂ ಕಂಪ್ಯೂಟರಿನಿಂದ ಕಿತ್ತವನಲ್ಲ.

ಆ ವರ್ಷದ ಆಟಿಯಲ್ಲಿ ಸಿದ್ಧಕಟ್ಟೆಯ ಸರಸಕ್ಕ ಬಂದರು. ಅವರ ಮೊದಲ ಮಗಳು ಜಲಜಾಕ್ಷಿ ಹನ್ನೊಂದು ತಿಂಗಳಿಗೆ ಹೋದವಳು, 1984ರಲ್ಲಿ. ನಾಲ್ಕು ವರ್ಷಗಳಿಂದ ಹೆಸರು ನನ್ನಲ್ಲಿತ್ತು, ಗಂಡು ಸಿಕ್ಕಿರಲಿಲ್ಲ.

“ಉಳಿದ ಮಕ್ಕಳಿಗೆಲ್ಲ ಮನೆ ಆಯಿತು ಶರೀಫಣ್ಣ,” ಅಂದರು ಸರಸಕ್ಕ. “ಅವಳೊಬ್ಬಳು ಇನ್ನೂ ನನ್ನ ಬಾಗಿಲಲ್ಲೇ ನಿಂತಿದ್ದಾಳೆ.”

ಅವರು ಹೋದ ಮೇಲೆ ಪಟ್ಟಿಯನ್ನು ಪುನಃ ಸೋಸಿದೆ. ಸಿಕ್ಕಿದ! ಪ್ರಾಯ ಸರಿ, ಬರಿ ಬೇರೆ. ಕೂಡಲೇ ಸರಸಕ್ಕನಿಗೆ ಫೋನ್ ಮಾಡಿ, “ಹುಡುಗ ಉಂಟು, ಸೋಮವಾರ ಬನ್ನಿ, ಎಲ್ಲ ಹೇಳ್ತೇನೆ” ಅಂದೆ. ಖುಷಿಯಲ್ಲಿ ಹುಡುಗನ ಹೆಸರನ್ನೂ ಊರನ್ನೂ ಎಲ್ಲಿಯೂ ಗೀಚಿಕೊಳ್ಳಲಿಲ್ಲ, ತಲೆಯಲ್ಲೂ ಉಳಿಯಲಿಲ್ಲ. ಅದೇ ಖುಷಿಯಲ್ಲಿ, ಗುರುತಿಲ್ಲದ ಒಬ್ಬ ಕಳಿಸಿದ ಇಮೇಲಿನ ಲಗತ್ತನ್ನೂ ತೆರೆದೆ. ಬಯೋಡಾಟಾ ಎಂದು ಹೆಸರಿತ್ತು. ಮದುವೆಯ ಬಯೋಡಾಟಾ ತೆರೆದು ಅಚ್ಚು ಹಾಕಿ ಕೊಡುವುದೂ ನನ್ನ ಕಸುಬಲ್ಲವೇ?

ಪರದೆಯ ಮೇಲಿದ್ದ ಫೈಲುಗಳೆಲ್ಲ ಒಂದೊಂದಾಗಿ ಹೆಸರು ಬದಲಿಸಿಕೊಂಡವು. ಒಂದೂ ತೆರೆಯಲಿಲ್ಲ. ಪೆನ್ ಡ್ರೈವಿನದ್ದೂ ಅದೇ ಕಥೆ. ಕೊನೆಗೆ ಇಂಗ್ಲಿಷಿನಲ್ಲಿ ಒಂದು ಚೀಟಿ ಬಂತು: ನಿಮ್ಮ ಫೈಲುಗಳು ನಮ್ಮ ಬಳಿ ಒತ್ತೆ ಇವೆ. ನಮ್ಮ ಇಂಟರ್ನೆಟ್ ಅಂಗಡಿಯಿಂದ ಕೂದಲು ಬೆಳೆಯುವ ಔಷಧಿ ಮೂರು ಬಾಟಲಿ ಕೊಳ್ಳಿ, ಪಾಸ್‌ವರ್ಡ್ ಕೊಡುತ್ತೇವೆ. ಪೊಲೀಸರಿಗೆ ಹೇಳಬೇಡಿ.

ನನ್ನ ತಲೆ ಬೋಳು ಎಂದು ಅವರಿಗೆ ಹೇಳಿದವರು ಯಾರು ಎಂಬ ಸಂಶಯ ನನಗೆ ಇವತ್ತಿಗೂ ಉಂಟು.

ಸೋಮವಾರ ಸರಸಕ್ಕ ಗಂಡ ಕಮಲಾಕ್ಷಣ್ಣನನ್ನು ಕರೆದುಕೊಂಡು, ಹಣ್ಣುಕಾಯಿ ಹಿಡಿದುಕೊಂಡೇ ಬಂದರು. ನಡೆದದ್ದನ್ನು ಹೇಳಿದೆ.

“ಹುಡುಗ ಸಿಕ್ಕಿ ಪುನಃ ಕಾಣೆಯಾದ್ನಾ?” ಕೇಳಿದರು ಕಮಲಾಕ್ಷಣ್ಣ.

“ಕಾಣೆಯಾದದ್ದಲ್ಲ, ಹಿಡಿದಿಟ್ಟುಕೊಂಡಿದ್ದಾರೆ.”

“ಸತ್ತವನನ್ನು ಹಿಡಿದಿಟ್ಟುಕೊಂಡು ಅವರು ಮಾಡುವುದೆಂತ ಮಾರಾಯ?”

ಆಟಿ ಮುಗಿಯಲು ಇನ್ನು ಹನ್ನೆರಡು ದಿನ. ಕಮಲಾಕ್ಷಣ್ಣ ಸುಮ್ಮನೆ ಕೂರುವ ಜನವಲ್ಲ. ಬಸ್ ಸ್ಟ್ಯಾಂಡಿನಲ್ಲಿ ನಿಂತು, ಇಳಿದವರನ್ನೆಲ್ಲ “ನಿಮ್ಮಲ್ಲಿ ಸತ್ತ ಗಂಡುಮಗು ಉಂಟಾ?” ಎಂದು ಕೇಳತೊಡಗಿದರು. ಮೂರನೆಯವರು ಕೊಡೆ ಎತ್ತಿದರು. ನಾನು ಓಡಿಹೋಗಿ ಬಿಡಿಸಿಕೊಂಡು ಬಂದೆ.

ನನ್ನಲ್ಲಿ ಕ್ರೆಡಿಟ್ ಕಾರ್ಡ್ ಇರಲಿಲ್ಲ. ದುಬೈಯಲ್ಲಿರುವ ಸೈನಬನ ತಮ್ಮ ಇಬ್ರಾಹಿಂ ಖಲೀಲನಿಗೆ ಫೋನ್ ಮಾಡಿದೆ.

“ಯಾರಿಗೆ ಭಾವ ಔಷಧಿ? ನಿಮಗಾ?”

“ನನಗಲ್ಲ. ಸಿದ್ಧಕಟ್ಟೆಯ ಒಂದು ಹುಡುಗಿಯ ಮದುವೆಗೆ.”

“ಹುಡುಗಿಗೆ ಕೂದಲು ಇಲ್ವಾ?”

“ಹುಡುಗಿಯೇ ಇಲ್ಲ. ಸುಮ್ಮನೆ ತೆಗಿ ಮಾರಾಯ!”

ಖಲೀಲ್ ತನ್ನ ಕಾರ್ಡಿನಲ್ಲಿ ಔಷಧಿ ಕೊಂಡ. ಪಾಸ್‌ವರ್ಡ್ ಬರಲಿಲ್ಲ. ಬಂದದ್ದು ಇನ್ನೊಂದು ಚೀಟಿ: ಧನ್ಯವಾದ, ಇನ್ನು ಆರು ಬಾಟಲಿ. ಕಳ್ಳನಿಗೆ ಒಮ್ಮೆ ಕೊಟ್ಟರೆ ಅವನು ಗಿರಾಕಿ ಸಿಕ್ಕಿದ ಎಂದೇ ತಿಳಿಯುತ್ತಾನೆ. ಇದು ನನ್ನ ತಲೆಗೆ ಹೊಳೆಯಲು ಮೂರು ಬಾಟಲಿ ಬೇಕಾಯಿತು.

ಆಗ ನನಗೆ ಕೋಪ ಬಂತು. ಬೈದು ಬರೆಯೋಣವೆಂದರೆ ನನಗೆ ಬರುವುದು ಮದುವೆ ಕಾಗದದ ಇಂಗ್ಲಿಷ್ ಮಾತ್ರ. ಅದರಲ್ಲಿ ಬೈಗುಳ ಇಲ್ಲ. ಸರಿ, ಬರುವುದನ್ನೇ ಮಾಡಿದೆ. ಜಲಜಾಕ್ಷಿಯ ಮದುವೆಗೆ ಒಂದು ಒಳ್ಳೆಯ ಕಾಗದ ತಯಾರಿಸಿದೆ. ಬಂಗಾರದ ಅಂಚು, ಮೇಲೆ ದೀಪ. ವಧುವಿನ ಹೆಸರು, ಕೆಳಗೆ ಹುಟ್ಟಿದ ತಾರೀಕು, ತೀರಿಕೊಂಡ ತಾರೀಕು. ವರನ ಹೆಸರಿನ ಜಾಗ ಖಾಲಿ. ಜೊತೆಗೆ ಎರಡು ಸಾಲು ಬರೆದೆ: ತಾವು ಒತ್ತೆ ಇಟ್ಟುಕೊಂಡ ಪಟ್ಟಿಯಲ್ಲಿರುವ ನೂರ ನಲವತ್ತೂ ಜನ ತೀರಿಕೊಂಡ ಮಕ್ಕಳು. ವರನ ಹೆಸರು ತಮ್ಮ ಬಳಿ ಇದೆ, ತಾವು ಸಕುಟುಂಬ ಸಮೇತರಾಗಿ ಆಗಮಿಸಿ ವಧೂವರರನ್ನು ಆಶೀರ್ವದಿಸಬೇಕಾಗಿ ವಿನಂತಿ. ಇದನ್ನು ಚೀಟಿಯಲ್ಲಿದ್ದ ವಿಳಾಸಕ್ಕೆ ಕಳಿಸಿದೆ. ಅವನೂ ಗುರುತಿಲ್ಲದವರ ಲಗತ್ತನ್ನು ತೆರೆಯುವ ಜಾತಿಯವನೇ ಎಂದು ಕಾಣುತ್ತದೆ.

ಎರಡು ದಿನ ಸುದ್ದಿ ಇಲ್ಲ. ಮೂರನೆಯ ದಿನ ಪಾಸ್‌ವರ್ಡ್ ಬಂತು. ಅದರ ಕೆಳಗೆ ಇನ್ನೂ ನಾಲ್ಕು ಸಾಲು ಇದ್ದವು. ಅವನ್ನು ಎರಡು ಸಲ ಓದಿದೆ. ಆಮೇಲೆ ಮೊದಲು ಮಾಡಬೇಕಾದ್ದನ್ನು ಮಾಡಿದೆ. ಪಟ್ಟಿ ತೆರೆಯಿತು. ಹುಡುಗನ ಹೆಸರು ಪ್ರಭಾಕರ, ಚಾರ್ಮಾಡಿಯ ನೋಣಯ್ಯನವರ ಮಗ, ಒಂದೂವರೆ ವರ್ಷಕ್ಕೆ ಜ್ವರದಲ್ಲಿ ಹೋದವನು. ಈ ಸಲ ಹೆಸರನ್ನು ಅಂಗೈಯ ಮೇಲೆ ಬರೆದುಕೊಂಡೇ ಫೋನ್ ಎತ್ತಿದೆ.

ಆಟಿ ಮುಗಿಯಲು ಎರಡು ದಿನವಿದ್ದಾಗ ಸಿದ್ಧಕಟ್ಟೆಯಲ್ಲಿ ಮದುವೆ ಆಯಿತು. ಎರಡು ಮಣೆ, ಒಂದರ ಮೇಲೆ ಸೀರೆ, ಬಳೆ, ಕರಿಮಣಿ. ಇನ್ನೊಂದರ ಮೇಲೆ ಬಿಳಿ ಮುಂಡು, ಶಾಲು. ಧಾರೆ ಎರೆಯುವಾಗ ನೋಣಯ್ಯನವರು ದೊಡ್ಡ ಧ್ವನಿಯಲ್ಲಿ ಅತ್ತುಬಿಟ್ಟರು. ಸರಸಕ್ಕ ಅಳಲಿಲ್ಲ. ಮಗಳನ್ನು ಗಂಡನ ಮನೆಗೆ ಕಳಿಸುವ ತಾಯಿಗಿರುವ ಗಡಿಬಿಡಿಯೆಲ್ಲ ಅವರಿಗಿತ್ತು. ಊಟ ಗಡದ್ದಾಗಿತ್ತು.

ವಾರ ಕಳೆದು ಸರಸಕ್ಕ ಬಾಳೆಹಣ್ಣಿನ ಗೊನೆ ಹಿಡಿದು ಅಂಗಡಿಗೆ ಬಂದರು. ನಾನು ಪಟ್ಟಿಯನ್ನು ಸಿ.ಡಿ.ಗಳಿಗೆ ಇಳಿಸುತ್ತಿದ್ದೆ: ಒಂದು ಸೈನಬನ ಕಪಾಟಿಗೆ, ಒಂದು ಕಮಲಾಕ್ಷಣ್ಣನ ಮನೆಗೆ, ಒಂದು ನೋಣಯ್ಯನವರಿಗೆ. ಯಾವುದೂ ಕಂಪ್ಯೂಟರಿಗೆ ಅಂಟಿಕೊಂಡು ಇರಕೂಡದು. ಗುರುತಿಲ್ಲದ ಬಯೋಡಾಟಾ ಬಂದರೆ ಮೊದಲು ಫೋನ್ ಮಾಡಿ ವಿಚಾರಿಸುವುದು, ತೆರೆಯುವುದು ಆಮೇಲೆ.

ಸರಸಕ್ಕನ ಕಣ್ಣು ಪರದೆಯ ಕೊನೆಯ ಸಾಲಿಗೆ ಹೋಯಿತು. “ಇದು ಯಾರು, ತೋಮಾ? ಹೊಸಬನಾ?”

ಪಾಸ್‌ವರ್ಡಿನ ಕೆಳಗೆ ಕಳ್ಳ ಬರೆದಿದ್ದ ಆ ನಾಲ್ಕು ಸಾಲುಗಳನ್ನು ಅವರಿಗೆ ಕನ್ನಡದಲ್ಲಿ ಹೇಳಿದೆ: ನನ್ನ ತಮ್ಮ ತೋಮಾ. ಹುಟ್ಟಿದ್ದು 1981, ಹೋದದ್ದು 1985. ನನ್ನ ತಾಯಿ ಈಗಲೂ ಊಟಕ್ಕೆ ಅವನ ತಟ್ಟೆ ಇಡುತ್ತಾಳೆ. ನಿಮ್ಮ ಪಟ್ಟಿಯಲ್ಲಿ ಇವನಿಗೆ ಜಾಗ ಇದೆಯೇ?

ಸರಸಕ್ಕ ಗೊನೆಯನ್ನು ನೆಲಕ್ಕಿಟ್ಟರು. “ನಮ್ಮ ಹುಡುಗನನ್ನು ಹಿಡಿದಿಟ್ಟದ್ದು ಇವನ ಅಣ್ಣನಾ?”

“ಹೌದು.”

“ಬರಿಯ ಜಾಗ ಖಾಲಿ ಬಿಟ್ಟಿದ್ದೀರಲ್ಲ?”

“ಅವನಿಗೆ ಬರೆದು ಕೇಳಿದೆ ಸರಸಕ್ಕ. ಅವರಲ್ಲಿ ಬರಿ ಅಂತ ಇಲ್ಲವಂತೆ.”

ಸರಸಕ್ಕ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕುಳಿತರು.

“ಹಾಗಾದರೆ ಯಾವ ಬರಿಯ ಹುಡುಗಿಯಾದರೂ ಅಡ್ಡಿಯಿಲ್ಲ,” ಅಂದರು. “ಮೇಲಿಂದ ಓದಿ, ನೋಡುವ.”