ಮೇಷ್ಟರ ಒಪ್ಪಿಗೆ

ಪರದೆಯ ಮೇಲೆ ಹಳದಿ ಹೆಬ್ಬೆರಳು, ಪಕ್ಕದಲ್ಲಿ ಹದಿನೇಳು, ಅಲ್ಲ ಹದಿನೆಂಟು, ಕಣ್ಣೆದುರೇ ಏರಿತು — ಭಾನುವಾರ ಮಧ್ಯಾಹ್ನ ಬೇರೆ ಕೆಲಸವಿಲ್ಲದ ಯಾವ ಪುಣ್ಯಾತ್ಮನೋ ಇರುವೆ ಎಂಬವಳ ಪತ್ರಕ್ಕೆ ಭೇಷ್ ಎಂದು ಬೆರಳೆತ್ತಿದ, ಕತ್ತರಿಯನ್ನು ಹೊರಗೆ ಹಾಕಿ ಎಂಬ ಪತ್ರಕ್ಕೆ, ಆ ಕತ್ತರಿ ನಾನು, ಬೇರೆಯವರು ಬರೆದು ಕಳಿಸಿದ ಕಂಪ್ಯೂಟರ್ ಕೋಡನ್ನು ಕತ್ತರಿಸಿ ಕತ್ತರಿಸಿ ಹಿಂದಿರುಗಿಸುತ್ತೇನೆಂದು ಮೇಷ್ಟ್ರೇ ಇಟ್ಟ ಹೆಸರು, ಹನ್ನೊಂದು ವರ್ಷದ ಹಿಂದೆ, ಆಗ ನಾವಿಬ್ಬರೇ, ಕಣ್ಣು ಕಾಣದವರಿಗೆ ಪರದೆಯ ಮೇಲಿನದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ, ಯಾರು ಬೇಕಾದರೂ ಬಳಸಬಹುದು, ಯಾರು ಬೇಕಾದರೂ ತಿದ್ದಿ ಕಳಿಸಬಹುದು, ಒಳಗೆ ಸೇರಿಸುವ ಅಧಿಕಾರ ಮಾತ್ರ ನಮ್ಮಿಬ್ಬರಿಗೇ, ಅದೂ ಒಬ್ಬರು ಬರೆದದ್ದಕ್ಕೆ ಇನ್ನೊಬ್ಬರ ಒಪ್ಪಿಗೆ ಬೇಕೇ ಬೇಕು, ನಾವೇ ಮಾಡಿಕೊಂಡ ಕಟ್ಟಳೆ, ಮೇಷ್ಟ್ರು ಹೇಳುತ್ತಿದ್ದರು, ನೋಡಮ್ಮಾ, ತನ್ನ ಪೇಪರಿಗೆ ತಾನೇ ಮಾರ್ಕ್ಸ್ ಹಾಕ್ಕೊಳ್ಳೋ ಹಾಗಿದ್ರೆ ನಾನು ಮೂವತ್ತು ವರ್ಷ ಪಾಠ ಹೇಳಿ ಏನು ಬಂತು. ಮತ್ತೆ ಇರುವೆ — ದಿನಕ್ಕೊಂದು ಸಣ್ಣ ತಿದ್ದುಪಡಿ ಹೊತ್ತು ತರುವವಳು, ಹುಟ್ಟಿನಿಂದ ಕಣ್ಣಿಲ್ಲ, ನಮ್ಮ ತಂತ್ರಾಂಶ ಓದುವುದನ್ನು ಕಿವಿಯಲ್ಲಿ ಕೇಳಿಕೊಂಡೇ ಬರೆಯುತ್ತಾಳೆ, ನನಗೂ ಅಧಿಕಾರ ಕೊಡಿ ಎಂದು ಮೂರು ಸಲ ಕೇಳಿದಳು, ಮೂರು ಸಲವೂ ನನ್ನದು ಒಂದೇ ರಾಗ, ಇನ್ನೂ ಸ್ವಲ್ಪ ಪಳಗಲಿ. ಏನು ಪಳಗುವುದು, ನನಗಿಂತ ಚೆನ್ನಾಗಿ ಬರೆಯುತ್ತಾಳೆ, ಅದು ನನಗೆ ಗೊತ್ತು, ಅವಳಿಗೂ ಗೊತ್ತು. ಅದಕ್ಕೇ ಈ ಪತ್ರ, ಕತ್ತರಿಯವರಿಗೆ ಯಾರ ಮೇಲೂ ನಂಬಿಕೆ ಇಲ್ಲ, ಇವರ ಜೊತೆ ಕೆಲಸ ಮಾಡೋಕಾಗಲ್ಲ, ನಾವೆಲ್ಲ ಉಳ್ಕೊಂಡಿರೋದೇ ಮೇಷ್ಟರ ಮುಖ ನೋಡಿ, ಅವರೇ ಒಂದು ತೀರ್ಮಾನ ಹೇಳ್ಲಿ, ಇಲ್ಲಾಂದ್ರೆ ಕೋಡ್ ತಗೊಂಡು ನಾವೆಲ್ಲ ಬೇರೆ ಹೋಗ್ತೀವಿ. ಮೇಷ್ಟರ ಮುಖ. ಅದನ್ನು ನಾನೂ ನೋಡಿಲ್ಲ.

ಒಂಬತ್ತು ವರ್ಷ ಜೊತೆಗೆ ಕೆಲಸ, ಒಮ್ಮೆಯೂ ಎದುರು ಕೂತಿಲ್ಲ, ತಿಂಗಳಿಗೊಂದು ಫೋನು ಅಷ್ಟೇ, ಅಧಿಕಾರ ಇರುವವರು ತಿಂಗಳಿಗೊಮ್ಮೆ ಬಾಯಿ ಬಿಟ್ಟು ಮಾತಾಡಬೇಕು ಎಂಬುದೂ ನಮ್ಮದೇ ಕಟ್ಟಳೆ, ಆಮೇಲೆ ಆಸ್ಪತ್ರೆಯಿಂದ ಒಂದು ಮೆಸೇಜು, ನನ್ನ ಪಾಸ್‌ವರ್ಡ್ ಬರ್ಕೋ, ನಾನು ಬರೋವರೆಗೆ ನನ್ನ ಒಪ್ಪಿಗೆನೂ ನೀನೇ ಹಾಕ್ತಿರು, ಕೆಲಸ ನಿಲ್ಲಬಾರ್ದು, ಹತ್ತು ದಿನ ಬಿಟ್ಟು ಅವರ ಮಗಳಿಂದ, ಅಪ್ಪ ಬೆಳಗ್ಗೆ ಹೋದ್ರು, ಫೋನಲ್ಲಿ ನಿಮ್ಮ ಹೆಸರು ಕತ್ತರಿ ಅಂತಷ್ಟೇ ಇದೆ, ನೀವು ಯಾರು ಅಂತ ಗೊತ್ತಾಗ್ಲಿಲ್ಲ — ನಾನು ಯಾರು, ಅದಕ್ಕೆ ಉತ್ತರ ಬರೆಯಲು ಅರ್ಧ ದಿನ ಕೂತೆ, ಕೊನೆಗೆ ಜೊತೆಗೆ ಕೆಲಸ ಮಾಡುತ್ತಿದ್ದವಳು ಎಂದು ಕಳಿಸಿದೆ. ಅದೇ ವಾರ ಹೊಸ ಕಂಪ್ಯೂಟರುಗಳಲ್ಲಿ ನಮ್ಮ ತಂತ್ರಾಂಶ ಮೂಕವಾಯಿತು, ಎಷ್ಟೋ ಜನರ ಕೆಲಸ ನಿಂತಿತು, ತಿದ್ದುಪಡಿ ನನ್ನದು, ಒಪ್ಪಿಗೆ ಹಾಕುವವರಿಲ್ಲ, ಇದೊಂದು ಸಲ ಎಂದುಕೊಂಡು ಅವರ ಹೆಸರಿನಲ್ಲಿ ಒಳಗೆ ಹೋದೆ. ಒಂದು ಸಲ. ಎರಡು ವರ್ಷವಾಯಿತು. ಮೊದಲು ಬರೀ ಒಪ್ಪಿಗೆ, ಆಮೇಲೆ ಹೊಸಬರಿಗೆ ಒಂದು ಸ್ವಾಗತ, ಮೇಷ್ಟ್ರಾಗಿದ್ದರೆ ಬರೆಯುತ್ತಿದ್ದರಲ್ಲ ಎಂದು, ಆಮೇಲೆ ಇರುವೆಗೆ ಶಭಾಷ್ ಕಣಮ್ಮಾ, ಅವಳೂ ಅವರಿಗೆ ಉದ್ದುದ್ದ ಬರೆದಳು, ಅಮ್ಮನ ಮಂಡಿನೋವು, ಆಫೀಸಿನ ಲಿಫ್ಟ್, ಅನುಮಾನ ಬಂದ ಸಾಲನ್ನು ಎರಡೆರಡು ಸಲ ಕೇಳಿಸಿಕೊಳ್ಳುವ ಅಭ್ಯಾಸ, ಓದುತ್ತ ನಗುತ್ತಿದ್ದವಳು ನಾನು, ನನಗೆ ಮಾತ್ರ ಅವಳದು ಎರಡೇ ಪದ, ಸರಿ ಮಾಡಿದ್ದೇನೆ. ನನ್ನಲ್ಲಿದ್ದ ಒಳ್ಳೆಯ ಮಾತೆಲ್ಲ ಪರದೆಯ ಮೇಲಿನ ಮೇಷ್ಟರ ಕಿಟಕಿಯಲ್ಲೇ ಮುಗಿದುಹೋಗಿ ನನ್ನ ಕಿಟಕಿಗೆ ಬರುವಷ್ಟರಲ್ಲಿ ಸಿಡುಕು ಮಾತ್ರ ಉಳಿದಿರುತ್ತಿತ್ತು, ಒಮ್ಮೆ ಮೇಷ್ಟ್ರಾಗಿ ನನಗೇ ಬುದ್ಧಿ ಹೇಳಿದೆ, ಕತ್ತರಿ, ಸ್ವಲ್ಪ ಮೆತ್ತಗೆ, ಎಲ್ಲರೂ ಚಪ್ಪಾಳೆ ತಟ್ಟಿದರು, ನನಗೆ ನಿಜಕ್ಕೂ ಅಳು ಬಂತು. ಇರುವೆಗೆ ಅಧಿಕಾರ ಕೊಟ್ಟರೆ ತಿಂಗಳ ಫೋನಿಗೆ ಮೂರನೆಯವಳಾಗಿ ಬರುತ್ತಾಳೆ, ಮೇಷ್ಟರ ದನಿಯನ್ನು ಎಲ್ಲಿಂದ ತರಲಿ — ಅದೊಂದೇ ಕಾರಣ, ಬೇರೆ ಯಾವ ಸುಡುಗಾಡು ಕಾರಣವೂ ಇರಲಿಲ್ಲ. ಮೆಟ್ಟಿಲ ಕೆಳಗಿನಿಂದ ಅತ್ತಿಗೆ, ಊಟ ತಣ್ಣಗಾಗ್ತಿದೆ, ಬರ್ತೀಯೋ ಇಲ್ಲ ಆ ಪೆಟ್ಟಿಗೆಗೇ ಬಡಿಸ್ಲೋ, ಅಣ್ಣ ನಗುತ್ತಾನೆ, ಬಿಡೇ, ಅವಳಿಗೆ ಅಲ್ಲಿ ದೊಡ್ಡ ಸಂಸಾರ ಇದೆ, ಬಂದೆ ಬಂದೆ ಎನ್ನುತ್ತೇನೆ, ಏಳುವುದಿಲ್ಲ, ದೊಡ್ಡ ಸಂಸಾರ, ಹೌದು, ಅದರಲ್ಲಿ ಇಬ್ಬರು ನಾನೇ.

ಎಡಕ್ಕೆ ನನ್ನ ಕಿಟಕಿ, ಬಲಕ್ಕೆ ಮೇಷ್ಟರದು, ಬಲಗಡೆ ಒಂದು ಸಾಲು ಸಾಕು, ಕತ್ತರಿ ಇರಲಿ, ನಾನು ಹೇಳ್ತಿದೀನಿ, ಎಲ್ಲರೂ ತಲೆಬಾಗುತ್ತಾರೆ, ಇರುವೆಯೂ — ಬರೆದೇಬಿಟ್ಟೆ, ಓದಿಕೊಂಡೆ, ಸತ್ತವರಿಂದ ಶಿಫಾರಸು ಪತ್ರ ಬರೆಸಿಕೊಳ್ಳುವ ಮಟ್ಟಕ್ಕೆ ಇಳಿದೆಯಲ್ಲೇ, ಒಂದೊಂದೇ ಅಕ್ಷರ ಅಳಿಸಿದೆ. ಮೇಷ್ಟರ ಹೆಸರಲ್ಲೇ ನನ್ನನ್ನು ತೆಗೆದುಹಾಕಿ ಸುಮ್ಮನಾಗಬಹುದು, ಆದರೆ ಆಮೇಲೆ ಇರುವೆ ಬರೆದದ್ದಕ್ಕೂ ಒಪ್ಪಿಗೆ ಹಾಕುವ ಕೈ ನನ್ನದೇ, ಮುಗಿಯುವುದೇ ಇಲ್ಲ ಇದು, ಇಲ್ಲ, ಹೇಳಿಬಿಡಬೇಕು, ಬೈಯಲಿ, ಬಿಟ್ಟು ಹೋಗಲಿ, ಬೈಯುವುದಾದರೂ ನನಗೇ ಬೈಯುತ್ತಾರಲ್ಲ, ಅತ್ತಿಗೆ ಮತ್ತೆ ಕೂಗುತ್ತಾಳೆ, ಬಂದೆ, ಬರೆಯುತ್ತೇನೆ, ತಿರುಗಿ ಓದಿದರೆ ಧೈರ್ಯ ಹೋಗುತ್ತದೆಂದು ಓದದೆ ಗುಂಡಿ ಒತ್ತಿದೆ, ಹೋಯಿತು, ಕತ್ತಿನ ಮೇಲಿಂದ ಏನೋ ಇಳಿಯಿತು — ಪರೀಕ್ಷೆಗೆಂದು ಸದಾ ಚಾಲೂ ಇಟ್ಟಿರುವ ನಮ್ಮ ತಂತ್ರಾಂಶ ಗಂಟಲು ಸರಿಮಾಡಿಕೊಂಡು ಓದುತ್ತದೆ, ಮೇಷ್ಟ್ರು ಬರೆಯುತ್ತಾರೆ, ಮೇಷ್ಟ್ರು ತೀರಿಕೊಂಡು ಎರಡು ವರ್ಷವಾಯಿತು, ಇಷ್ಟು ದಿನ ನಿಮ್ಮ ಜೊತೆ ಮಾತಾಡಿದ್ದು ನಾನು. ಬಲಗಡೆ. ಅಳಿಸಿದ ಕಡೆಯೇ, ಮೇಷ್ಟರ ಕಿಟಕಿಯಲ್ಲೇ ಬರೆದಿದ್ದೇನೆ. ನಾನು ಎಂದರೆ ಯಾರೆಂದು ಹಾಕಿಲ್ಲ, ನನ್ನ ಕಿಟಕಿಯಾಗಿದ್ದರೆ ಹೆಸರು ತಾನಾಗಿ ಬರುತ್ತಿತ್ತು, ಅಳಿಸಲೇ, ಅಳಿಸಿದರೂ ಅಷ್ಟೂ ಜನರಿಗೆ ಮೇಲ್ ಹೋಗಿಯಾಯಿತು, ಎಡಗಡೆ ಹೋಗಿ ಅದು ನಾನು ಕತ್ತರಿ ಎನ್ನಲೇ, ಕತ್ತರಿಯನ್ನು ಯಾರು ನಂಬುತ್ತಾರೆ, ಇರುವೆಗೆ ತಲುಪಿರುತ್ತದೆ, ಎಲ್ಲೋ ಒಂದು ಕೋಣೆಯಲ್ಲಿ ಕಿವಿಗೆ ತಂತಿ ಸಿಕ್ಕಿಸಿಕೊಂಡು ಕೂತಿದ್ದಾಳೆ, ಕತ್ತು ಒಂದು ಕಡೆಗೆ ವಾಲಿದೆ, ಮೇಷ್ಟರಿಂದ ತೀರ್ಮಾನ ಬಂತೆಂದು ಖುಷಿ, ಕೇಳುತ್ತಾಳೆ, ಮೇಷ್ಟ್ರು ಬರೆಯುತ್ತಾರೆ, ಮೇಷ್ಟ್ರು ತೀರಿಕೊಂಡು, ತಪ್ಪು ಕೇಳಿಸಿತೆಂದು ಬೆರಳಿನಿಂದ ಹಿಂದಕ್ಕೆ ಒತ್ತುತ್ತಾಳೆ, ತಂತಿಯನ್ನು ಕಿವಿಗೆ ಇನ್ನಷ್ಟು ಒತ್ತಿಕೊಳ್ಳುತ್ತಾಳೆ, ಮತ್ತೆ ಕೇಳುತ್ತಾಳೆ, ಮೇಷ್ಟ್ರು ಬರೆಯುತ್ತಾರೆ, ಮತ್ತೆ ಹಿಂದಕ್ಕೆ, ಆ ಬೆರಳು, ಆ ಕಿವಿ, ಮೇಷ್ಟ್ರು ಬರೆಯುತ್ತಾರೆ —