ಹೆಸರು ಹಿಡಿದು ಅತ್ತದ್ದು

“ಗೌಡ್ರ ಹೆಣದ ಮುಂದ ಬಾಯಿ ಬಾಯಿ ಬಡಕೊಂಡು ಅಳ್ತಿದ್ದಿ. ಮಷೀನಿನ ಮುಂದ ಅಳಾಕ ಏನ್ ಧಾಡಿ ಆಗ್ಯದ ಮುದುಕಿ ನಿನಗ?”

ರೇವಣ ಸರ್ ಕುರ್ಚಿಯಲ್ಲಿ ಕುಳಿತೇ ಕೇಳಿದರು. ನನ್ನ ಅತ್ತೆ ಶಿವಕಾಂತಮ್ಮ ನೆಲದ ಮೇಲೆ ಕುಳಿತಿದ್ದಳು. ಎದುರಿಗೆ ಮೈಕು. ಕೋಣೆಯಲ್ಲಿ ಖಾಲಿ ಕುರ್ಚಿಗಳು ಇನ್ನೂ ಎರಡಿದ್ದವು.

ಸರ್ ನಡೆಸುವ ಕಲಬುರಗಿಯ ಈ ಕೇಂದ್ರದಲ್ಲಿ ಯಂತ್ರಕ್ಕೆ ಕನ್ನಡ ಕಲಿಸುತ್ತಾರೆ. ಜನರ ಮಾತು ಕೇಳಿ ಬರೆದುಕೊಡುವುದು ನನ್ನ ಕೆಲಸ. ಹೆಣದ ಮುಂದೆ ಹಾಡಿಕೊಂಡು ಅಳುವ ಹೆಂಗಸರು ಆ ಗಳಿಗೆಯಲ್ಲೇ ಪದ ಕಟ್ಟುತ್ತಾರೆ. ಅದು ಯಂತ್ರಕ್ಕೂ ಬಂದೀತೇ ಎಂಬುದು ಸರ್ ಅವರ ಸಂಶೋಧನೆ. ನಮ್ಮೂರು ಕಮಲಾಪುರದಲ್ಲಿ ಅತ್ತೆಯ ಹಾಗೆ ಅಳುವವರು ಇನ್ನೊಬ್ಬರಿಲ್ಲ. ಗೌಡರ ಮನೆಯಲ್ಲಿ ಯಾರು ಸತ್ತರೂ ನಮ್ಮ ಕೇರಿಗೆ ಆಳು ಬರುತ್ತಿತ್ತು. ಹೋಗದಿದ್ದರೆ ಮರುದಿನ ಅವರ ಕೆಂಪು ಬಾಳೆ ತೋಟದಲ್ಲಿ ಕೂಲಿ ಇಲ್ಲ.

ಹೋದ ವರ್ಷ ನನ್ನ ಗಂಡ ಸಾಯಿಕುಮಾರ ಇದೇ ಕಟ್ಟಡದ ಸಂಡಾಸಿನ ಗುಂಡಿಗೆ ಇಳಿದು ಅಲ್ಲೇ ಸತ್ತ. ಇಳಿಸಿದವರು ಸರ್. ಎಂ.ಎ. ಓದಿದ್ದೀಯಲ್ಲ ಎಂದು ನನಗೆ ಈ ಕೆಲಸ ಕೊಟ್ಟರು. ಪೊಲೀಸ್ ಠಾಣೆಗೆ ಯಾರೂ ಹೋಗಲಿಲ್ಲ. ಅವನ ಹೆಣದ ಮುಂದೆ ಅತ್ತೆ ಅತ್ತಳು. ನನಗೆ ದನಿ ಬರಲಿಲ್ಲ.

“ನಿಮ್ಮ ಅತ್ತಿ ಅಳಲಿಲ್ಲಂದ್ರ ನೀನೂ ಬರಬ್ಯಾಡ” ಎಂದು ಸರ್ ನಿನ್ನೆಯೇ ಹೇಳಿದ್ದರು. ಇವತ್ತು ಬಸ್ಸಿನಲ್ಲಿ ಬರುವಾಗ ಅತ್ತೆಗೆ ತಿಳಿಸಿದ್ದೆ.

“ನಿನ್ನ ಕೆಲ್ಸ ಉಳೀಲಿ ಅಂತ ಬರ್ಲಾಕತ್ತೀನಿ. ಅಳೂದು ನನ್ನ ಕೈಯಾಗಿಲ್ಲವ್ವ” ಎಂದಿದ್ದಳು.

“ಮಗನ್ನ ನೆನಸ್ಕೊ. ಅವನಿಗಿ ಅತ್ತಿದ್ದಿ ನೋಡು, ಅದೇ ಬೇಕು” ಎಂದರು ಸರ್ ಈಗ.

“ಅದು ಅವನ ಸಂಗಾಟ ಮಣ್ಣಿಗಿ ಹೋಗ್ಯದ್ರೀ.”

“ಶಬ್ಬೀರ್, ನಮ್ಮ ಮಷೀನಿಂದು ಕೇಳಸು. ಹ್ಯಾಂಗ ಅಳಬೇಕಂತ ಕಲೀಲಿ.”

ದನಿ ಮುದ್ರಿಸುವ ಶಬ್ಬೀರ್ ಸ್ವಿಚ್ ಒತ್ತಿದ. ಯಂತ್ರ ಹೆಣ್ಣು ದನಿಯಲ್ಲಿ ಅತ್ತಿತು. ಹಾಲು, ತೊಟ್ಟಿಲು, ಚಂದ್ರ ಎಲ್ಲ ಇದ್ದವು. ನಡುನಡುವೆ ಬಿಕ್ಕಿತು ಕೂಡ.

ಅತ್ತೆ ಕಿವಿಗೊಟ್ಟು ಕೇಳಿದಳು. “ಯಾರ್ ಸತ್ತಾರವ್ವ?”

“ಯಾರೂ ಇಲ್ಲತ್ತಿ.”

“ಮತ್ತ ಈ ಬೋಳಿ ಯಾರ ಹೆಸರ ಹಿಡದು ಅಳ್ಲಾಕತ್ತಾಳ?”

ಶಬ್ಬೀರ್ ನಗು ತಡೆದುಕೊಂಡ. ಸರ್ ನಗಲಿಲ್ಲ.

“ಹೆಣಾ ಇಲ್ದ, ಹೆಸರ ಇಲ್ದ ಅಳಬಾರದ್ರೀ ಸಾಹೇಬ್ರ. ಅತ್ರ ಆ ಅಳು ಯಾರನ್ನಾರ ಹುಡಿಕ್ಕೊಂಡು ಹೋಗ್ತದ.”

“ಹೆಣಾ ಬೇಕೇನ್?” ಸರ್ ನನ್ನ ಕಡೆ ತಿರುಗಿದರು. “ಏ ಸಪ್ನಾ, ಮಲಕೋ. ಗಂಡ ಸತ್ರೂ ಹನಿ ಕಣ್ಣೀರ ಹಾಕಲಾರದ ಮುಂಡಿ ನೀ. ಹೆಣಾನೇ ಇದ್ದಿ. ಮಲಕೋ ಅಂದ್ನಲ್ಲ.”

ನಾನು ಮಲಗಿದೆ. ನೆಲ ತಣ್ಣಗಿತ್ತು. ಯಂತ್ರಕ್ಕೆ ಧೂಳು ಬೀಳದಂತೆ ಹೊದಿಸುವ ಬಿಳಿ ಬಟ್ಟೆಯನ್ನು ಸರ್ ನನ್ನ ಮೇಲೆ ಎಸೆದರು. ಬೂಟಿನ ತುದಿಯಿಂದ ಅದನ್ನು ನನ್ನ ಮುಖದವರೆಗೆ ಸರಿಸಿದರು.

“ಹಾಂ. ಈಗ ಅಳು.”

ನನ್ನ ಮುಖದ ಮೇಲಿನ ಬಟ್ಟೆ ಸರಿಯಿತು.

“ಏಳು. ನೀ ಇನ್ನಾ ಉಂಡು ಬಾಳಾಕಿ” ಎಂದಳು ಅತ್ತೆ.

ಆ ಬಟ್ಟೆಯನ್ನು ಸರ್ ತೊಡೆಯ ಮೇಲೆ ಹೊದಿಸಿದಳು. ಬೂಟು ಸಮೇತ ಅವರ ಒಂದು ಕಾಲನ್ನು ಎರಡೂ ಕೈಯಿಂದ ಹಿಡಿದು ತಲೆ ಬಾಗಿಸಿದಳು. ಕಾಲಿಗೆ ಬಿದ್ದಳೆಂದು ಸರ್ ತಿಳಿದರು. “ಇರ್ಲಿ ಇರ್ಲಿ, ಶುರು ಮಾಡು” ಎಂದರು.

ಅತ್ತೆ ದನಿ ತೆಗೆದಳು.

“ಏ ನನ್ನ ರೇವಣಾ... ಯಾವಾಗ ಹೋದ್ಯೋ ನನ್ನಪ್ಪಾ...
ಕುರ್ಚಿ ಬಿಟ್ಟು ಇಳೀಲಾರದಾಂವ ಮಣ್ಣಿಗಿ ಹ್ಯಾಂಗ ಇಳದ್ಯೋ ರೇವಣಾ...
ನಿನ್ನ ಹೇಲಿನ ಗುಂಡ್ಯಾಗ ನನ್ನ ಮಗನ್ನ ಇಳಿಸಿದ್ಯೋ ರೇವಣಾ...
ಕೆಂಪ ಬಾಳಿ ಗೊನಿಯಂಥಾಂವ ಕರ್ರಗಾಗಿ ಮ್ಯಾಲ ಬಂದ್ನೋ...
ನಿನ್ನ ಹೊರಾಕ ನಾಕ ಮಂದಿ ಎಲ್ಲಿಂದ ತರ್ಲ್ಯೋ ರೇವಣಾ...”

ಸರ್ ಮುಖದ ಬಣ್ಣ ಇಳಿಯಿತು. ಕಾಲು ಎಳೆದುಕೊಳ್ಳಲು ನೋಡಿದರು. ಬರಲಿಲ್ಲ. ಅಳು ಮುಗಿಯುವವರೆಗೆ ನಮ್ಮ ಹೆಂಗಸರು ಹೆಣದ ಕಾಲು ಬಿಡುವುದಿಲ್ಲ.

“ಬಿಡ ರಂಡೀ! ಜೀವಂತ ಇದ್ದೀನಿ ನಾ! ಏ ಶಬ್ಬೀರ್, ಬಂದ್ ಮಾಡೋ ಅದನ್ನ!”

ಇನ್ನೊಂದು ಕಾಲಿನಿಂದ ಅವಳ ಹೆಗಲಿಗೆ ಒದ್ದರು. ಅತ್ತೆಯ ಸೆರಗು ಜಾರಿತು. ಹಿಡಿತ ಸಡಿಲಲಿಲ್ಲ. ಶಬ್ಬೀರನ ಬೆರಳು ಮುದ್ರಣ ನಿಲ್ಲಿಸುವ ಸ್ವಿಚ್ಚಿನ ಮೇಲಿತ್ತು. ಒತ್ತಲಿಲ್ಲ.

ಅತ್ತೆ ಒಂದು ಸಾಲು ಮುಗಿಸಿ ತಡೆದಳು. ಹೀಗೆ ಅಳುವಾಗ ಒಬ್ಬಳು ಸಾಲು ಹೇಳಿದರೆ ಇನ್ನೊಬ್ಬಳು ಸತ್ತವನ ಹೆಸರು ಹಿಡಿದು ದನಿ ಕೂಡಿಸಬೇಕು. ಸಾಯಿಕುಮಾರನ ಹೆಣದ ಮುಂದೆಯೂ ಅವಳು ಹೀಗೇ ತಡೆದಿದ್ದಳು. ನನಗಾಗಿ ಕಾದಿದ್ದಳು.

ಸರ್ ಮತ್ತೆ ಒದೆಯಲು ಕಾಲೆತ್ತಿದರು. ನಾನು ಆ ಕಾಲು ಹಿಡಿದೆ.

“ಏ ರೇವಣಾ...” ಎಂದೆ.